ಅವ್ವನ ಹೆಸರು ಹುಡುಕಿದವರು

ಮತ್ತೋಡು
೧೨ ಜನವರಿ ೨೦೨೫, ಭಾನುವಾರ

ನನ್ನ ಚೌಡಕ್ಕನಿಗೆ,

ನಿನ್ನ ಮೋನಿ ಬರೆಯುತ್ತಿದ್ದೇನೆ. ಏಳು ವರ್ಷವಾದ ಮೇಲೆ ಹೇಗೆ ಶುರು ಮಾಡುವುದೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ. ಅವ್ವನ ಮಂಡಿನೋವು ಹಾಗೇ ಇದೆ. ನೀನೂ ಭಾವನೂ ನನಗಿನ್ನೂ ಹೆಸರು ತಿಳಿಯದ ನಿಮ್ಮ ಕೂಸೂ ಬೆಚ್ಚಗಿದ್ದೀರಿ ಅಂದುಕೊಂಡಿದ್ದೇನೆ.

‘ಚೇತನ್‌ಕುಮಾರ್, ಹೊಳಲ್ಕೆರೆ’ ಎಂದು ಹಾಕಿ ನಮ್ಮ ವೆಬ್‌ಸೈಟಿನಲ್ಲಿ ಕಂಬಳಿಗೆ ಆರ್ಡರು ಕೊಟ್ಟರೆ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ ಅಕ್ಕ? ಭಾವನ ಹೆಸರನ್ನೂ ಊರನ್ನೂ ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಆದರೆ ಯಾರೂ ಮರೆತಿಲ್ಲ.

ಈ ವೆಬ್‌ಸೈಟು ಹುಟ್ಟಿದ ಕಥೆ ನಿನಗೆ ಹೇಳಬೇಕು. ಹೋದ ಯುಗಾದಿಯ ಮಾರನೆಯ ದಿನ ಅಪ್ಪ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕುತ್ತೇನೆ ಅಂದರು. ಸಂತೆಯಲ್ಲಿ ಈಗ ಮಿಲ್ಲಿನ ಹೊದಿಕೆ ರಾಶಿ ಬೀಳುತ್ತದೆ, ಕೈಮಗ್ಗದ ಕಂಬಳಿಯನ್ನು ಯಾರೂ ಮುಟ್ಟಿಯೂ ನೋಡುವುದಿಲ್ಲ. ಅವ್ವ ನೂಲುವುದನ್ನು ನಿಲ್ಲಿಸಿದಳು. ರಾಟೆಯ ಮುಂದೆ ಸುಮ್ಮನೆ ಕುಳಿತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿದ್ದು ನೀನು ಹೋದ ದಿನ ಮಾತ್ರ.

ನಾನು ಹೊಸದುರ್ಗದಲ್ಲಿ ನಿರಂಜನ್ ಎನ್ನುವವರ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿನ ಕಂಪ್ಯೂಟರಿನಲ್ಲೇ, ಮೊಬೈಲಿನಲ್ಲಿ ಪಾಠ ನೋಡಿಕೊಂಡು, ತಪ್ಪೋ ಸರಿಯೋ ಒಂದು ವೆಬ್‌ಸೈಟು ಮಾಡಿದೆ. ಮಾಡಿಬಿಟ್ಟರೆ ಜನ ಬಂದುಬಿಡುತ್ತಾರೆ ಅಂದುಕೊಂಡಿದ್ದೆ! ಒಂದು ತಿಂಗಳು ಯಾರೂ ಬರಲಿಲ್ಲ. ಗೂಗಲ್‌ನಲ್ಲಿ ಕಂಬಳಿ ಎಂದು ಹುಡುಕಿದೆ. ಒಂದನೆಯ ಪುಟದಲ್ಲಿಲ್ಲ, ಎರಡರಲ್ಲಿಲ್ಲ. ಎಂಟನೆಯ ಪುಟದ ತಳದಲ್ಲಿ ನಾವಿದ್ದೆವು.

ನಿರಂಜನಣ್ಣ ನಕ್ಕರು. “ಊರಾಚೆ ಅಂಗಡಿ ಹಾಕಿ ಬೋರ್ಡು ಬರೀದೆ ಕುಂತಂಗೈತೆ ನಿಂದು” ಅಂದರು. ಬೋರ್ಡು ತಾನೇ ಎಂದು ನಾನು ಪುಟದ ತುಂಬ ಕಂಬಳಿ, ಕಂಬಳಿ, ಕಂಬಳಿ ಎಂದು ನಲವತ್ತು ಸಲ ಬರೆದೆ. ಬೇರೆ ವೆಬ್‌ಸೈಟಿನ ನಾಲ್ಕು ಪ್ಯಾರಾ ಕದ್ದು ಅಂಟಿಸಿದೆ. ಇಂಥ ಮೋಸ ಗೂಗಲ್‌ಗೆ ಗೊತ್ತಾಗುತ್ತದಂತೆ, ಹದಿನೈದು ದಿನಕ್ಕೆ ಆ ಎಂಟನೆಯ ಪುಟದಿಂದಲೂ ಮಾಯವಾದೆವು. ಅವತ್ತು ಬಸ್ಸಿನಲ್ಲಿ ಮುಖಕ್ಕೆ ವೇಲು ಮುಚ್ಚಿಕೊಂಡು ಅತ್ತುಬಿಟ್ಟೆ.

ಆಮೇಲೆ ನಿಧಾನವಾಗಿ ಕಲಿತೆ. ನಾವು ಏನು ಮಾರುತ್ತೇವೆ ಅನ್ನುವುದಕ್ಕಿಂತ ಜನ ಏನು ಕೇಳುತ್ತಾರೆ ಅನ್ನುವುದನ್ನು ಬರೆಯಬೇಕಂತೆ. ಕಂಬಳಿ ಒಗೆಯುವುದು ಹೇಗೆ, ಹೊಸ ಕಂಬಳಿ ಮೈಗೆ ಯಾಕೆ ಚುಚ್ಚುತ್ತದೆ, ಹುಳ ಹಿಡಿಯದಂತೆ ಏನು ಮಾಡಬೇಕು ಎಂದೆಲ್ಲ ಜನ ಹುಡುಕುತ್ತಾರೆ. ಇದಕ್ಕೆಲ್ಲ ಉತ್ತರ ಎಲ್ಲಿಂದ ತರಲಿ? ಅವ್ವನ ಹತ್ತಿರ ಕೂತೆ.

“ಅಯ್ಯೋ, ಕಂಬ್ಳಿ ಒಗಿಯಾಕೂ ಕೇಳ್ಬೇಕೇನೇ?” ಎಂದು ಮೊದಲು ಬೈದಳು. ಆಮೇಲೆ ಮಾತು ನಿಲ್ಲಲೇ ಇಲ್ಲ. “ಹೊಸಾದು ಒರಟು ಇರ್ತೈತೆ ಕಣೇ. ಹುಣಸೆ ಬೀಜದ ಗಂಜಿ ಕುಡಿಸಿರ್ತೀವಲ್ಲ ನೂಲಿಗೆ, ಅದ್ಕೆ. ಹೊದ್ದು ಹೊದ್ದು ಮೆತ್ತಗಾಗ್ಬೇಕು, ಹೊಸ ನೆಂಟಸ್ತನ ಇದ್ದಂಗೆ” ಅಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಕದ್ದದ್ದನ್ನೆಲ್ಲ ಅಳಿಸಿದೆ. ಫೋಟೋಗಳು ಭಾರವಾಗಿ ಪುಟ ತೆರೆಯುವುದೇ ನಿಧಾನವಾಗುತ್ತಿತ್ತು, ಅವನ್ನು ಸಣ್ಣ ಮಾಡಿದೆ. ಗೂಗಲ್‌ಗೆ ಚಿತ್ರ ನಮ್ಮಂತೆ ಕಾಣುವುದಿಲ್ಲವೆಂದು ಪ್ರತಿ ಫೋಟೋದ ಜೊತೆ ಅದರಲ್ಲಿ ಏನಿದೆ ಎಂದು ಬರೆಯುವುದನ್ನೂ ಕಲಿತೆ. ಒಂದಕ್ಕೆ ‘ಮತ್ತೋಡಿನ ಬರಗೇರಮ್ಮ ರಾಟೆಯಲ್ಲಿ ಉಣ್ಣೆ ನೂಲುತ್ತಿರುವುದು’ ಎಂದು ಬರೆದೆ. ಶ್ರೀರಾಂಪುರದ ಮೇಷ್ಟ್ರೊಬ್ಬರು ಕುರಿಗಾರರ ಬಗ್ಗೆ ಬ್ಲಾಗು ಬರೆಯುತ್ತಾರೆ, ಅವರು ನಮ್ಮ ಲಿಂಕು ಹಾಕಿಕೊಂಡರು. ದೀಪಾವಳಿ ಹೊತ್ತಿಗೆ, ಕಂಬಳಿ ಒಗೆಯುವುದು ಹೇಗೆ ಎಂದು ಯಾರು ಕೇಳಿದರೂ ಮೊದಲ ಪುಟದಲ್ಲೇ ನಾವು ಸಿಗುವ ಹಾಗಾಯಿತು. ಆರ್ಡರು ಬರತೊಡಗಿದವು. ಅಪ್ಪ ಮಗ್ಗದ ಸುದ್ದಿ ಮತ್ತೆ ಎತ್ತಲಿಲ್ಲ.

ಜನ ಯಾವ ಪದ ಬರೆದು ನಮ್ಮನ್ನು ಹುಡುಕಿದರು ಅಂತ ತೋರಿಸುವ ಒಂದು ಪಟ್ಟಿ ಗೂಗಲ್ ಕೊಡುತ್ತದೆ ಅಕ್ಕ. ದಿನಾ ಬೆಳಿಗ್ಗೆ ಅಂಗಡಿಗೆ ಹೋದವಳೇ ಅದನ್ನು ತೆರೆಯುತ್ತೇನೆ. ನವೆಂಬರಿನಲ್ಲಿ ಒಂದು ದಿನ ಆ ಪಟ್ಟಿಯಲ್ಲಿ ಕಂಬಳಿಯೂ ಅಲ್ಲ, ಉಣ್ಣೆಯೂ ಅಲ್ಲ, ‘ಬರಗೇರಮ್ಮ ಮತ್ತೋಡು’ ಎಂದಿತ್ತು. ಒಂದು ಸಲ ಅಲ್ಲ, ಹತ್ತೊಂಬತ್ತು ಸಲ. ನಮ್ಮವ್ವನ ಹೆಸರು ಹಿಡಿದು ಹುಡುಕುವವರು ಯಾರು? ಗಿರಾಕಿಗಳಿಗೆ ಬೇಕಾದ್ದು ಕಂಬಳಿ. ಅವ್ವನೇ ಬೇಕಾದವರು ಭೂಮಿಯ ಮೇಲೆ ಎಷ್ಟು ಜನ ಇದ್ದಾರೆ? ನೀನೇ ಇರಬೇಕು ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಕ್ರಿಸ್‌ಮಸ್ ರಜೆ ಕಳೆದ ಮೇಲೆ ಭಾವನ ಹೆಸರಿನಲ್ಲಿ ಆರ್ಡರು ಬಂತು. ಚಿಕ್ಕ ಕಂಬಳಿ, ಐದು ತಿಂಗಳ ಹೆಣ್ಣು ಕೂಸಿಗೆ ಎಂದು.

ಅವ್ವನಿಗೆ ಗಿರಾಕಿಯ ಕೂಸಿಗೆ ಅಂತ ಮಾತ್ರ ಹೇಳಿದೆ. “ಯಾವೂರೋರು?” ಎಂದು ಕೇಳಿದಳು. ದೂರದವರು ಅಂದೆ. ಕುರಿಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯನ್ನೇ ಆರಿಸಿ, ಎಂಟು ದಿನ ಕೂತು ನೂತಳು. ಅಪ್ಪ ಅವಸರ ಮಾಡಿದ್ದಕ್ಕೆ, “ಕೂಸಿನ ಮೈಗೆ ತಾಗಾದು, ಸುಮ್ಕಿರ್ರಿ” ಅಂದಳು. ಅಪ್ಪ ನೇಯ್ದು ಕೊಟ್ಟ ಕಂಬಳಿಯ ಗಂಜಿ ನೀರನ್ನು ಹಿಂಡಿ ತೆಗೆದು ಮೂರು ಸಲ ನೆರಳಲ್ಲಿ ಒಣಗಿಸಿ, ತನ್ನ ಕೆನ್ನೆಗೆ ಒತ್ತಿ ನೋಡಿದಳು. ನಾನು ಅಲ್ಲಿಂದ ಎದ್ದು ಹಿತ್ತಲಿಗೆ ಹೋದೆ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಿನ್ನ ಮತ್ತು ಭಾವನ ವಿಷಯ ಅವ್ವನ ಕಿವಿಗೆ ಹಾಕಿದ್ದು ಪಕ್ಕದ ಮನೆ ಹುಚ್ಚಕ್ಕ ಅಂತ ನೀನು ಅವಳ ಅಂಗಳದಲ್ಲಿ ನಿಂತು ಜಗಳವಾಡಿ ಹೋದೆ. ಹುಚ್ಚಕ್ಕ ಅಲ್ಲ ಅಕ್ಕ, ನಾನು. ನೀನು ನನ್ನನ್ನು ಬಿಟ್ಟು ಹೊರಟುಬಿಡುತ್ತೀಯ ಎಂಬ ಹೆದರಿಕೆಗೆ ಹೇಳಿಬಿಟ್ಟೆ. ಅವ್ವ ತಡೆಯುತ್ತಾಳೆ ಅಂದುಕೊಂಡಿದ್ದೆ. “ಇನ್ಮೇಲೆ ಈ ಹೊಸ್ತಿಲು ತುಳೀಬ್ಯಾಡ” ಅನ್ನುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನಗಾಗ ಹದಿನೇಳು. ಅದು ನೆಪವಲ್ಲ, ಗೊತ್ತು. ನೀನು ಕ್ಷಮಿಸದಿದ್ದರೂ ಸರಿ, ಅವ್ವನ ಹೆಸರು ಹುಡುಕುವುದನ್ನು ಬಿಡಬೇಡ.

ಈ ಕಾಗದವನ್ನು ಕಂಬಳಿಯ ಮಡಿಕೆಯೊಳಗೆ ಇಡುತ್ತಿದ್ದೇನೆ. ನಾಳೆ ಹೊಸದುರ್ಗದಿಂದ ಕೊರಿಯರ್‌ಗೆ ಹಾಕುತ್ತೇನೆ. ಕೂಸಿನ ಹೆಸರೊಂದನ್ನು ಬರೆದು ಕಳಿಸು.

ನಿನ್ನ ತಂಗಿ,
ಮೋನಿಕಾ

ಮರೆತ ಮಾತು: ಸೋಮವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ಪೊಟ್ಟಣ ಕಟ್ಟುತ್ತಿದ್ದೆ, ಅವ್ವ ಹೊಸ ಸೀರೆ ಉಟ್ಟುಕೊಂಡು ಬಂದು ನಿಂತಳು. “ಹೊಳಲ್ಕೆರೆ ಬಸ್ಸು ಎಷ್ಟೊತ್ತಿಗೈತೆ?” ಎಂದು ಕೇಳಿದಳು. ನಾನು ಬಾಯಿ ಬಿಡುವ ಮೊದಲೇ, “ದೂರದೋರು ಅನ್ನುವಾಗ ತಲೆ ಬಗ್ಗಿಸಿದ್ಯಲ್ಲ, ಅವತ್ತೇ ಗೊತ್ತಾತು. ಗೊತ್ತಿಲ್ದೆ ಎಂಟು ದಿನ ನೂಲ್ತಿದ್ನೇನೇ?” ಅಂದಳು. ಕೊರಿಯರ್ ಇಲ್ಲ ಅಕ್ಕ. ನೀನು ಇದನ್ನು ಓದುವಾಗ ಅವಳು ನಿನ್ನ ಎದುರಿಗೇ ಇರುತ್ತಾಳೆ. ಮೊದಲು ಮಾತಾಡುವುದು ಅವಳಿಗೆ ಬರುವುದಿಲ್ಲ. ಕಾಗದ ಪಕ್ಕಕ್ಕಿಟ್ಟು, ನೀನೇ ಅವ್ವಾ ಅನ್ನು.