ಲಂಗದ ಅಂಚಿನ ನೋಟುಗಳು

ತಾರೀಖು ಹದಿನಾಲ್ಕು, ಮಂಗಳವಾರ. ಲಾಡ್ಜಿನ ರೂಮು.

ಅರ್ಧ ದಾರಿಯಲ್ಲಿ ಬಸ್ಸಿನಿಂದ ಇಳಿಸಿಬಿಟ್ಟರು. ಹೊಸ ನೋಟು ಬಂದರೂ ಹಳೆಯದು ಇನ್ನೊಂದು ತಿಂಗಳು ನಡೆಯುತ್ತದೆ ಎಂದು ರೇಡಿಯೋದಲ್ಲಿ ನಾನೇ ಕೇಳಿದ್ದೆ. ಕಂಡಕ್ಟರನಿಗೂ ಅದನ್ನೇ ಹೇಳಿದೆ. ಅವನು ನೋಟನ್ನು ಬೆಳಕಿಗೆ ಹಿಡಿದು ನಕ್ಕ.

"ಹಳೇದಾದ್ರೆ ತಗೋತಿದ್ದೆ ಕಣಮ್ಮಾ. ಇದೇನು ನೋಟೋ, ಜರಡಿನೋ?"

ತಪ್ಪು ನನ್ನದೇ. ಕಳ್ಳರ ಭಯಕ್ಕೆ ಎಲ್ಲವನ್ನೂ ಲಂಗದ ಅಂಚಿನೊಳಗಿಟ್ಟು ಹೊಲಿದೆ. ಇಷ್ಟು ವರ್ಷ ಬಟ್ಟೆ ಹೊಲಿದವಳು, ಕೈಹೊಲಿಗೆ ಸಾಲದೆಂದು ಮಿಷನ್ನಿನಲ್ಲಿ ಎರಡೆರಡು ಸಾಲು ಹೊಡೆದೆ. ಸೂಜಿ ತೂತು ಬೀಳದ ಒಂದು ನೋಟೂ ಉಳಿದಿಲ್ಲ.

ಟಿಕೆಟ್ಟಿಗೆ ಸಾಲದ ಪರ್ಸಿನ ಚಿಲ್ಲರೆ ರೂಮಿಗೇ ಮುಗಿಯಿತು. "ಬ್ಯಾಂಕಲ್ಲಿ ಬದಲಾಯಿಸಿ ಕೊಡ್ತಾರೆ, ನಾಳೆ ಹತ್ತಕ್ಕೆ ಹೋಗಿ" ಅಂದರು ಲಾಡ್ಜಿನವರು. ಹತ್ತಕ್ಕೇ ಅಕ್ಕನ ಆಪರೇಷನ್. "ಒಳಗೆ ಹೋಗೋ ಮುಂಚೆ ನಿನ್ನ ಮುಖ ನೋಡ್ಬೇಕು ಕಣೇ" ಎಂದು ಫೋನಿನಲ್ಲಿ ಅತ್ತಿದ್ದಾಳೆ.

ಆರರ ಬಸ್ಸಿಗೆ ಹೋಗಲೇಬೇಕು. ಟಿಕೆಟ್ಟಿಗೆ ಕಿವಿಯ ಓಲೆ ಬಿಚ್ಚಿ ಕೊಡಲೇ? ಬರಿಗಿವಿ ಕಂಡರೆ ಅಕ್ಕ ಗಾಬರಿಯಾಗುತ್ತಾಳೆ, ದುಡ್ಡೆಲ್ಲ ತನಗೇ ಖರ್ಚಾಯಿತು ಎಂದುಕೊಳ್ಳುತ್ತಾಳೆ. ತಲೆಗೆ ಶಾಲು ಹೊದ್ದು ಹೋದರೆ ಕಾಣುವುದಿಲ್ಲ. ಆದರೆ ಅವಳು ಕೆನ್ನೆ ಸವರದೆ ಬಿಡುವವಳಲ್ಲ, ಆಗ ಕೈ ತಾಗಿದರೆ ಗೊತ್ತಾಗಿಯೇ ಬಿಡುತ್ತದೆ.