ಒಂದೇ ಮಗ್ಗದವರು

ಹಿಂದೂಪುರ
೮-೩-೧೯೯೧, ಶುಕ್ರವಾರ

ಪ್ರೀತಿಯ ಆದಿಲಕ್ಷ್ಮಕ್ಕನಿಗೆ ತಮ್ಮ ಓಬಳೇಶನ ನಮಸ್ಕಾರ.

ಮೊಣಕಾಲು ಈಗ ಹೇಗಿದೆ? ಹೋದ ಸಲ ನಾನು ಕಲ್ಯಾಣದುರ್ಗಕ್ಕೆ ಬಂದಿದ್ದಾಗ ನೀನು ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದೆ. ನಾನು ತಂದುಕೊಟ್ಟ ಎಣ್ಣೆಯನ್ನು ಊರಿಗೆಲ್ಲ ಹಂಚಿರುತ್ತೀಯೇ ಹೊರತು ನೀನು ಹಚ್ಚಿಕೊಂಡಿರುವುದಿಲ್ಲ, ನನಗೆ ಗೊತ್ತು. ಭಾವನ ಕೆಮ್ಮು ಕಡಿಮೆಯಾಯಿತೇ? ಕಡಲೆಕಾಯಿ ಮಿಲ್ಲಿನ ಧೂಳಿನಲ್ಲಿ ಮೂಗಿಗೆ ಟವಲು ಕಟ್ಟಿಕೊಳ್ಳಬೇಕಂತೆ ಎಂದು ಹೇಳು. ಬೀಡಿಯ ವಿಷಯ ಮಾತ್ರ ನಾನು ಎತ್ತಿದೆನೆಂದು ಹೇಳಬೇಡ, ಸಿಟ್ಟಾಗುತ್ತಾರೆ.

ನಾನು ಚೆನ್ನಾಗಿದ್ದೇನೆ. ಕಾಗದದಲ್ಲಿ ಬರೆಯಬೇಕೆಂದು ಬರೆಯುವ ಮಾತಲ್ಲ ಇದು, ನಿಜವಾಗಿಯೇ ಚೆನ್ನಾಗಿದ್ದೇನೆ. ಮನೆಯ ಕೆಲಸ ಮುಗಿಯುತ್ತ ಬಂತು. ಎರಡು ಕೋಣೆ, ಮುಂದೆ ಮಗ್ಗಕ್ಕೆ ಜಾಗ. ಬಾಡಿಗೆ ಮನೆಯಲ್ಲಿ ಮಳೆ ಬಂದರೆ ಮಗ್ಗದ ಗುಂಡಿಗೆ ನೀರು ನುಗ್ಗುತ್ತಿತ್ತು, ಇಲ್ಲಿ ಆ ಕಾಟವಿಲ್ಲ. ರಾಮನವಮಿ ಕಳೆದ ಬುಧವಾರ ಬೆಳಿಗ್ಗೆ ಗೃಹಪ್ರವೇಶ. ಮುಂದೆ ಅಧಿಕಮಾಸ ಬರುತ್ತದಂತೆ, ಅದಕ್ಕೇ ಈ ಅವಸರ. ನೀನೂ ಭಾವನೂ ಎರಡು ದಿನ ಮುಂಚೆಯೇ ಬರಬೇಕು.

"ಒಬ್ನೇ ಇದ್ದೀಯಲ್ಲೋ, ಯಾರಿಗಪ್ಪಾ ಮನೆ?" ಎಂದು ನೀನು ಹೋದ ಕಾಗದದಲ್ಲಿ ಕೇಳಿದ್ದೆ. ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಹನ್ನೆರಡು ವರ್ಷದ ಹಿಂದೆ ನಿಮ್ಮ ಮನೆಯಲ್ಲಿ ನನಗೆ ಹೆಣ್ಣು ತೋರಿಸಿದ ದಿನ ಹಿತ್ತಲಲ್ಲಿ ನಿಂತು ಹೇಳಿದ್ದೆನಲ್ಲ, ನನ್ನ ಮನಸ್ಸು ಹೆಣ್ಣಿನ ಕಡೆ ಹೋಗುವುದಿಲ್ಲ, ಗಂಡಿನ ಕಡೆಗೇ ಹೋಗುತ್ತದೆ ಎಂದು. ನೀನು ಒಗೆಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, "ಈ ಮಾತು ಇಲ್ಲೇ ಇರ್ಲಿ ಕಣಪ್ಪಾ" ಅಂದೆ. ಹೆಣ್ಣಿನವರಿಗೆ ಏನೋ ಒಂದು ನೆಪ ಹೇಳಿ ಕಳಿಸಿದೆ. ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಅಂದಿನಿಂದ ಗಂಡಸರ ಜೊತೆ ಸೇರುವುದನ್ನೇ ಬಿಟ್ಟೆ ಅಕ್ಕಾ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಯಾರನ್ನಾದರೂ ಸ್ವಲ್ಪ ಹೆಚ್ಚು ಹೊತ್ತು ನೋಡಿಬಿಟ್ಟರೆ ಗೊತ್ತಾಗಿಬಿಡುತ್ತದೇನೋ ಎಂಬ ಹೆದರಿಕೆ.

ಶ್ರೀರಾಮಪ್ಪನ ಹೆಸರನ್ನು ನನ್ನ ಕಾಗದಗಳಲ್ಲಿ ಓದಿದ್ದೀಯ. ಗೋರಂಟ್ಲದ ಕಡೆಯ ಒಕ್ಕಲು ಮನೆಯವನು. ಐದು ವರ್ಷದ ಹಿಂದೆ ಹುಣಸೆಹಣ್ಣು ಮಾರಲು ಬಂದವನು, ಲಾರಿ ಕೆಟ್ಟು ಮೂರು ದಿನ ಉಳಿದ. ಟೀ ಅಂಗಡಿಯಲ್ಲಿ ಪರಿಚಯವಾಗಿ, ಮಗ್ಗ ನೋಡುತ್ತೇನೆಂದು ಬಂದವನು ಕೂತೇಬಿಟ್ಟ. ಹೊಲವನ್ನು ತಮ್ಮನಿಗೆ ವಹಿಸಿ ಬಂದು ಇಲ್ಲೇ ಉಳಿದ. ನಮ್ಮ ದೊಡ್ಡ ಅಂಚಿನ ಸೀರೆಗೆ ಮಗ್ಗದಲ್ಲಿ ಇಬ್ಬರು ಕೂರಬೇಕೆಂದು ನಿನಗೆ ಹೇಳಿಕೊಡಬೇಕೇ, ಅಪ್ಪನ ಎಡಗಡೆ ಕೂರುತ್ತಿದ್ದವಳು ನೀನೇ. ಮೊದಲ ತಿಂಗಳೆಲ್ಲ ಅವನು ಎಳೆ ಕಿತ್ತಿದ್ದೇ ಕಿತ್ತಿದ್ದು, ನಾನು ಗಂಟು ಹಾಕಿದ್ದೇ ಹಾಕಿದ್ದು. "ಇದ್ಕಿಂತ ನೇಗ್ಲೇ ವಾಸಿ ಕಣಪ್ಪಾ" ಅನ್ನುತ್ತಿದ್ದ, ಆದರೆ ಎದ್ದು ಹೋಗಲಿಲ್ಲ. ಅವನ ಬಾಯಿ ಸುಮ್ಮನಿರುವುದಲ್ಲ. ಬೀದಿಯ ಗಂಡಸರನ್ನೆಲ್ಲ ಮಾತಾಡಿಸಿ, ನನ್ನನ್ನೂ ಕಟ್ಟೆಗೆ ಎಳೆದುಕೊಂಡು ಹೋದ. ಶನಿವಾರದ ಭಜನೆಯಲ್ಲಿ ಈಗ ನಾನೂ ತಾಳ ಹಾಕುತ್ತೇನೆ. ಹಾಡಲು ಮಾತ್ರ ಬಿಡುವುದಿಲ್ಲ, ನನ್ನ ಗಂಟಲು ನಿನಗೆ ಗೊತ್ತಲ್ಲ. ಮನೆಗೆ ಕಲ್ಲುಚಪ್ಪಡಿ ಏರಿಸುವ ದಿನ ಭಜನೆಯವರು ಒಂಬತ್ತು ಮಂದಿ ಕರೆಯದೇ ಬಂದು ಹೆಗಲು ಕೊಟ್ಟರು. ನಲವತ್ತರ ಹತ್ತಿರ ಬಂದವನಿಗೆ ಅವತ್ತು ಮೊದಲ ಸಲ, ನನಗೂ ಗೆಳೆಯರಿದ್ದಾರೆ ಅನ್ನಿಸಿತು.

ಅವರೆಲ್ಲ ನಮ್ಮಿಬ್ಬರ ಬಗ್ಗೆ ಏನು ತಿಳಿದಿದ್ದಾರೋ, ನಾನು ಕೇಳಲು ಹೋಗಿಲ್ಲ. ಹೋದ ತಿಂಗಳು ಜನಗಣತಿಗೆ ಒಬ್ಬ ಮೇಷ್ಟ್ರು ಬಂದಿದ್ದರು. ನನ್ನ ಹೆಸರು ಬರೆದುಕೊಂಡು ಶ್ರೀರಾಮಪ್ಪನ ಕಡೆ ಪೆನ್ನು ತೋರಿಸಿ, "ಇತನು ಮೀಕೇಮವುತಾಡು?" ಎಂದರು. ಇವನು ನನಗೆ ಏನಾಗಬೇಕು? ಅಣ್ಣನಲ್ಲ, ತಮ್ಮನಲ್ಲ, ನಮ್ಮ ಜಾತಿಯವನೂ ಅಲ್ಲ. ನಾನು ಕಡಿಯದ ಎಳೆಗೆ ಗಂಟು ಹಾಕತೊಡಗಿದೆ, ಅವನು ಲಾಳಿಯನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಪಕ್ಕದ ಜಗಲಿಯಲ್ಲಿ ಹುಣಸೆಬೀಜ ಬಿಡಿಸುತ್ತಿದ್ದ ಈರಕ್ಕ ಕೂಗಿದಳು: "ಅವ್ರಿಬ್ರೂ ಒಂದೇ ಮಗ್ಗದೋರು, ಅಂಗೇ ಬರ್ಕೊಳ್ಳಪ್ಪಾ!" ಮೇಷ್ಟ್ರು ನಕ್ಕು ಏನೋ ಬರೆದುಕೊಂಡು ಹೋದರು. ಏನು ಬರೆದರೋ ಕಾಣೆ, ಬೀದಿಯಲ್ಲಿ ಮಾತ್ರ ಅದೇ ಹೆಸರು ನಿಂತಿತು. ನೀವು ಬಂದಾಗ ತಿರುವಿನಲ್ಲಿ ಯಾರನ್ನಾದರೂ ಒಂದೇ ಮಗ್ಗದೋರ ಮನೆ ಯಾವುದೆಂದು ಕೇಳಿ, ಕರೆದುಕೊಂಡು ಬಂದು ಬಿಡುತ್ತಾರೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಕಾಲು ಚಾಚಿಕೊಂಡು ಬಾ.

ನಿನ್ನ ತಮ್ಮ,
ಓಬಳೇಶಪ್ಪ

ಮುಖ್ಯವಾದದ್ದನ್ನೇ ಬಿಟ್ಟೆ. ಅಂಚೆ ಡಬ್ಬಿಯಿಂದ ಕಾಗದ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಗೃಹಪ್ರವೇಶಕ್ಕೆ ಅಕ್ಕನಾಗಿ ನೀನು ನನಗೆ ಉಡುಗೊರೆಯ ಬಟ್ಟೆ ಇಡುತ್ತೀಯ. ಭಾವ ಒಂದು ಪಂಚೆ ತಂದಿಟ್ಟಿರುತ್ತಾರೆ. ಎರಡು ತಾ ಅಕ್ಕಾ. ಅವನದನ್ನು ಒಳಗೆ ಕರೆದು ಕೈಗೆ ಕೊಡುವುದಲ್ಲ. ಎಲ್ಲರ ಎದುರಿಗೆ ಇಬ್ಬರನ್ನೂ ಪಕ್ಕಪಕ್ಕದ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಇಡು. ಮನಸ್ಸು ಒಪ್ಪದಿದ್ದರೆ ಒಂದೇ ತಾ, ಬರುವುದನ್ನು ಮಾತ್ರ ತಪ್ಪಿಸಬೇಡ. ದೀಪಾವಳಿಗೆ ಕಳಿಸಿದ ಹಸಿರು ಸೀರೆಯ ಎರಡು ಅಂಚೂ ಅಪ್ಪನೇ ನೇಯ್ದ ಹಾಗಿದೆ ಎಂದು ಬರೆದಿದ್ದೆಯಲ್ಲ, ಅದರ ಎಡಗಡೆ ಅಂಚು ಶ್ರೀರಾಮಪ್ಪನದು. ಅವನು ನಿನಗೆ ಬಟ್ಟೆ ಇಟ್ಟು ಐದು ತಿಂಗಳಾಗುತ್ತ ಬಂತು.