ಎಂಬತ್ತಾರು ಸಾವಿರದ ನಾನೂರ ಮೂವತ್ತು

ವಾಮದಪದವು
20 ಮಾರ್ಚ್ 2025, ಗುರುವಾರ

ಶಮ್ನಾಳ ಬಾಪನಿಗೆ ಶಾಹಿದಾಳ ಸಲಾಂ.

ಕಾಗದ ನೋಡಿ ಗಾಬರಿಯಾಗಬೇಡಿ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನನ್ನ ಉಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಶಮ್ನಾಳಿಗೆ ಪರೀಕ್ಷೆ ನಡೆಯುತ್ತಿದೆ, ಗಣಿತವೊಂದು ಬಿಟ್ಟು ಉಳಿದದ್ದು ಸುಲಭವಂತೆ. ವಾಟ್ಸಾಪ್ ಇರುವಾಗ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ನನ್ನ ವಾಯ್ಸ್ ಮೆಸೇಜುಗಳನ್ನು ವೇಗ ಹೆಚ್ಚಿಸಿ ಕೇಳುತ್ತೇನೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಕಾಗದವನ್ನು ಹಾಗೆ ಓಡಿಸಲು ಬರುವುದಿಲ್ಲ. ನಿಮ್ಮ ಕಂಪೆನಿಯ ಅಝೀಮ್ ರಜೆ ಮುಗಿಸಿ ಆದಿತ್ಯವಾರದ ವಿಮಾನದಲ್ಲಿ ಜುಬೈಲಿಗೆ ಹೊರಡುತ್ತಾನೆ. ಹಲಸಿನ ಹಪ್ಪಳದ ಕಟ್ಟಿನ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಹಪ್ಪಳ ತಿಂದ ಮೇಲಾದರೂ ಓದಿ.

ಇನ್ನೊಂದು ವಿಷಯ. ನಾವಿಬ್ಬರೂ ಬ್ಯಾರಿ ಭಾಷೆಯಲ್ಲಿ ಮಾತಾಡಿದರೆ ಮೂರನೆಯ ಮಾತಿಗೇ ಜಗಳ. ಕನ್ನಡದಲ್ಲಿ ಬರೆದರೆ ಶಾಲೆಯ ಟೀಚರ್ ಪಕ್ಕದಲ್ಲಿ ನಿಂತ ಹಾಗೆ ಸ್ವಲ್ಪ ಮರ್ಯಾದೆಯಲ್ಲಿ ಇರುತ್ತೇನೆ. ಅದಕ್ಕೇ ಕನ್ನಡ.

ನಾನು ಬರೆಯಬೇಕೆಂದಿರುವುದು ಆ ಟಿವಿ ಗೇಮಿನ ಬಗ್ಗೆ. ನಗಬೇಡಿ.

ಹನ್ನೊಂದು ವರ್ಷದ ಹಿಂದೆ ರಜೆಯಲ್ಲಿ ಬರುವಾಗ ನೀವು ಅದನ್ನು ತಂದಿದ್ದಿರಿ. ಶಮ್ನಾಳಿಗೆ ಆಗ ಎರಡು ವರ್ಷ, ಆದರೂ ಅವಳಿಗೆಂದೇ ತಂದದ್ದು ಎಂದಿರಿ. ಚಿಕ್ಕವರಿದ್ದಾಗ ಬಿ.ಸಿ.ರೋಡಿನ ಅಂಗಡಿಯೊಂದರಲ್ಲಿ ನಿಂತುಕೊಂಡು ಆಡುತ್ತಿದ್ದ ಆಟ ಮನೆಯಲ್ಲೇ ಆಡಬಹುದು ಎಂಬ ಸಂಭ್ರಮ ನಿಮ್ಮದೇ. ಕೆಳಗೆ ನಮ್ಮದೊಂದು ಪುಟ್ಟ ವಿಮಾನ, ಮೇಲಿನಿಂದ ಸಾಲುಸಾಲಾಗಿ ಇಳಿಯುವ ಬಣ್ಣದ ಹುಳುಗಳು, ಕೆಂಪು ಗುಂಡಿ ಒತ್ತಿದರೆ ಗುಂಡು. ಅಷ್ಟೇ ಆಟ. ನಲವತ್ತು ದಿನದ ರಜೆಯಲ್ಲಿ ಮೂವತ್ತು ದಿನ ನೀವು ಆ ಟಿವಿಯ ಮುಂದೆ ಇದ್ದಿರಿ. ಹೊರಡುವ ಹಿಂದಿನ ದಿನ 86,430 ಬಂತು. ಕರೆಂಟು ಹೋದರೆ ಅಂಕ ಅಳಿಸಿಹೋಗುತ್ತದೆ ಎಂದು ಅದನ್ನು ಕಪಾಟಿನ ಬಾಗಿಲಿನ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದಿರಿ.

ಆಗ ನಾನು ಅಳುತ್ತಿದ್ದೆ. ಇನ್ನೆಷ್ಟು ವರ್ಷ ಎಂದು ಕೇಳಿದ್ದೆ. ನೀವು ನಗುತ್ತಾ ನನ್ನ ಉಮ್ಮನ ಎದುರು, ತಮ್ಮ ಅನ್ಸಾಫನ ಎದುರು ಹೇಳಿದ ಮಾತು ನಿಮಗೆ ಮರೆತಿರಬಹುದು, ಇಲ್ಲಿ ಯಾರಿಗೂ ಮರೆತಿಲ್ಲ: "ನೀನು ಇದನ್ನು ದಾಟಿದ ದಿನ ವೀಸಾ ಕ್ಯಾನ್ಸಲ್ ಮಾಡಿ ಬರ್ತೇನೆ ಮಾರಾಯ್ತಿ, ಅಲ್ಲಾಹನಾಣೆ." ಅನ್ಸಾಫ್ ನಕ್ಕ. ಉಮ್ಮ ನಗಲಿಲ್ಲ. ನೀವು ಹೋದ ಮೇಲೆ ಅವರು ನನ್ನನ್ನು ಕರೆದು, "ಆಣೆ ಹಾಕಿದ ಬಾಯಿಗೆ ತಮಾಷೆ ಇಲ್ಲ ಮಗಳೇ, ನೀನು ಅದನ್ನು ಕಲಿ" ಎಂದರು. ಬೇರೆ ಊರಿನಲ್ಲಿ ಆಗಿದ್ದರೆ ಹುಚ್ಚು ಎನ್ನುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಅಳಿಯ ಹಾಕಿದ ಆಣೆ ಎಂದರೆ ಆಣೆಯೇ.

ಮೊದಲೆಲ್ಲ ನಾನೂ ಅಷ್ಟು ಮನಸ್ಸು ಕೊಟ್ಟಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಹೇಗೂ ಬರುತ್ತಿದ್ದಿರಿ. ನಾಲ್ಕು ವರ್ಷದಿಂದ ನೀವು ಬಂದಿಲ್ಲ. ಒಮ್ಮೆ ಅಲ್ಲಿರುವ ಪರ್ಮಿಟ್, ಇಕಾಮ, ರಿನ್ಯೂ ಆಗಲಿಲ್ಲ, ಒಮ್ಮೆ ಕಂಪೆನಿ ಬದಲಾಯಿತು, ಒಮ್ಮೆ ಕಾರಣವನ್ನೇ ಹೇಳಲಿಲ್ಲ. ಆಮೇಲೆ ನಾನು ಸೊಂಟ ಕಟ್ಟಿ ಕೂತೆ. ಅಸರ್ ನಮಾಝ್ ಮುಗಿಸಿ ಮಗ್ರಿಬ್ ಬಾಂಗ್ ಆಗುವವರೆಗೆ, ದಿನವೂ, ನಿಮಗೆಂದು ಇಟ್ಟಿರುವ ಅಳಿಯನ ಕೋಣೆಯಲ್ಲಿ. ಉಮ್ಮ ಪಕ್ಕದಲ್ಲಿ ತಸ್ಬೀಹ್ ಹಿಡಿದು ಕೂರುತ್ತಾರೆ. ಕನ್ನಡಕ ಇಲ್ಲದಿದ್ದರೂ ಅಂಕ ಎಷ್ಟು ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಹುಳು ಹತ್ತಿರ ಬಂದರೆ ಜಪ ಬಿಟ್ಟು "ಬಲಕ್ಕೆ, ಬಲಕ್ಕೆ" ಎನ್ನುತ್ತಾರೆ.

ಬೀಡಿ ಕಟ್ಟಿದ ಬೆರಳಲ್ಲವೇ, ಗುಂಡಿ ಒತ್ತುವುದರಲ್ಲಿ ನನ್ನನ್ನು ಸೋಲಿಸುವವರಿಲ್ಲ. ಗುಂಡಿಯೇ ಎರಡು ಸಲ ಸೋತಿತು. ಬಿ.ಸಿ.ರೋಡಿನ ರಿಪೇರಿಯವನು ಇದರ ಪಾರ್ಟ್ಸ್ ಈಗ ಎಲ್ಲೂ ಸಿಗುವುದಿಲ್ಲ ಎಂದ. ಶಮ್ನಾಳ ಬಾಲ್‌ಪೆನ್ನಿನ ಸ್ಪ್ರಿಂಗ್ ತೆಗೆದು ನಾನೇ ಹಾಕಿದೆ. ಕಷ್ಟ ಇದ್ದದ್ದು ಬೆರಳಿನದ್ದಲ್ಲ, ಧೈರ್ಯದ್ದು. ನೀವು ಹೇಳಿಕೊಟ್ಟಿದ್ದಿರಿ, ನೆನಪಿದೆಯೇ? ಒಂದು ದೊಡ್ಡ ಹುಳು ಕೆಳಗಿಳಿದು ಬೆಳಕು ಬೀರುತ್ತದೆ. ಆ ಬೆಳಕಿಗೆ ನಮ್ಮ ವಿಮಾನವನ್ನು ಬೇಕೆಂದೇ ಒಪ್ಪಿಸಬೇಕು. ಅದು ಎಳೆದುಕೊಂಡು ಹೋಗುತ್ತದೆ. ಆಮೇಲೆ ಆ ಹುಳುವನ್ನು ಹೊಡೆದು ನಮ್ಮದನ್ನು ಬಿಡಿಸಿ ತಂದರೆ ಎರಡು ವಿಮಾನ ಜೋಡಿಯಾಗಿ ಹಾರುತ್ತವೆ, ಗುಂಡೂ ಎರಡೆರಡು. ಹಾಗೆ ಮಾಡದೆ ದೊಡ್ಡ ಅಂಕ ಬರುವುದೇ ಇಲ್ಲ. ಎಷ್ಟೋ ತಿಂಗಳು ನನ್ನ ಕೈ ಅದಕ್ಕೆ ಒಪ್ಪಲಿಲ್ಲ. ಕಳಿಸಿದ್ದು ವಾಪಸು ಬರುತ್ತದೆ ಎಂದು ಏನು ಗ್ಯಾರಂಟಿ? ಬಿಡಿಸುವ ಅವಸರದಲ್ಲಿ ನನ್ನ ಗುಂಡು ನನ್ನದೇ ವಿಮಾನಕ್ಕೆ ತಾಗಿ ಹೋದದ್ದೂ ಉಂಟು. ಆ ದಿನ ಊಟ ಮಾಡಲಿಲ್ಲ, ಶಮ್ನಾ ನಕ್ಕದ್ದೇ ನಕ್ಕದ್ದು.

ಕಳೆದ ಮಳೆಗಾಲದಲ್ಲಿ 84,000 ಬಂದಿತ್ತು. ಇನ್ನೆರಡೂವರೆ ಸಾವಿರ. ಗುಡುಗು ಬಂತು, ಕರೆಂಟು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕತ್ತಲೆಯಲ್ಲಿ ನಾನೂ ಉಮ್ಮನೂ ಆ ಕಪ್ಪು ಟಿವಿಯನ್ನೇ ನೋಡುತ್ತಾ ಕೂತೆವು. ಶಮ್ನಾ ಒಮ್ಮೆ ಫೋನಿನಲ್ಲಿ ಹುಡುಕಿ ಹೇಳಿದಳು, "ಉಮ್ಮಾ, ಈ ಗೇಮಿಗೆ ಕೊನೆ ಇಲ್ಲವಂತೆ. ಸುಮ್ಮನೆ ಸ್ಪೀಡ್ ಆಗ್ತಾ ಹೋಗುವುದು ಮಾತ್ರ." ನನಗೆ ಕೊನೆ ಬೇಡ, ಆ ಒಂದು ಅಂಕ ದಾಟಿದರೆ ಸಾಕು ಎಂದೆ. ಮಗುವಿಗೆ ಹದಿಮೂರು ತುಂಬಿತು. ಬಾಪ ಹತ್ತಿರ ಕೂತರೆ ಯಾವ ಸೋಪಿನ ವಾಸನೆ ಬರುತ್ತದೆ ಎಂದು ಮೊನ್ನೆ ಕೇಳಿದಳು. ನನಗೂ ನೆನಪಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಳೆದ ಶುಕ್ರವಾರ ಕಲ್ಲಡ್ಕದಲ್ಲಿ ನಿಮ್ಮ ಅಣ್ಣ ಬಾವಾರ ಮನೆಯಲ್ಲಿ ನಮಗೆ ಇಫ್ತಾರ್ ಇತ್ತು. ಉಪವಾಸ ಬಿಟ್ಟು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವಾಗ ನಿಮ್ಮ ಅತ್ತಿಗೆ ಬೀಪಾತುಮ್ಮ ಸಹಜವಾಗಿ, "ನಿನ್ನ ಗಂಡ ಏನು ಆಣೆ ಹಾಕಿದ್ದ ಶಾಹಿದಾ? ಅವನ ಕಫ್ಫಾರಕ್ಕೆ ಅವತ್ತು ಹತ್ತು ಮಂದಿಗೆ ನೈಚೋರು ಮಾಡಿದ ಮೇಲೆ ಈ ದೊಡ್ಡ ಪಾತ್ರೆ ಇಳಿಸಿದ್ದು ಇವತ್ತೇ" ಎಂದರು. ಯಾವತ್ತು ಎಂದು ಕೇಳಿದೆ. ಎರಡು ವರ್ಷದ ಹಿಂದೆ, ರಜಬ್ ತಿಂಗಳಲ್ಲಿ. ಹೇಳಬಾರದ್ದನ್ನು ಹೇಳಿದೆ ಎಂದು ಅವರಿಗೆ ಆಮೇಲೆ ಗೊತ್ತಾಯಿತು, ಪಾಪ. ಅವರ ಮೇಲೆ ಸಿಟ್ಟು ಮಾಡಬೇಡಿ.

ಆಣೆ ತಪ್ಪಿದವರು ಹತ್ತು ಬಡವರಿಗೆ ಊಟ ಹಾಕಿ ಪರಿಹಾರ ಮಾಡಿಕೊಳ್ಳಬೇಕು, ಕಫ್ಫಾರ ಎಂದರೆ ಅದು ಎಂದು ಮದ್ರಸಾದಲ್ಲಿ ಕಲಿತದ್ದು ನನಗೂ ನೆನಪಿದೆ. ತಪ್ಪುವ ಮೊದಲೇ ಊಟ ಹಾಕಿಬಿಡಬಹುದು ಎಂದು ಗೊತ್ತಿರಲಿಲ್ಲ. ಶಮ್ನಾಳ ಉಸ್ತಾದರಲ್ಲಿ ಕೇಳಿಸಿದೆ. ಆಗುತ್ತದಂತೆ. ಎಷ್ಟಾದರೂ ನೀವು ನನಗಿಂತ ಹೆಚ್ಚು ಓದಿದವರು.

ಆ ದಿನ ನನಗೆ ಸರಿಯಾಗಿ ನೆನಪಿದೆ. ನಿಮ್ಮ ಹೆಸರಿನಲ್ಲಿ ಹರಕೆಯ ಊಟ ಉಂಟು, ಕೈ ಸೇರಿಸು ಎಂದು ಬಾವಾ ಫೋನ್ ಮಾಡಿ ಕರೆಸಿದ್ದರು. ಬೆಳಿಗ್ಗಿನ ಬಸ್ಸಿಗೆ ಹೋಗಿದ್ದೆ. ಈರುಳ್ಳಿ ಹೆಚ್ಚಿದ್ದು ನಾನು. ಅನ್ನಕ್ಕೆ ತುಪ್ಪ ಹಾಕಿದ್ದು ನಾನು. ಹತ್ತು ಮಂದಿ ಉಂಡೆದ್ದು ದುಆ ಮಾಡುವಾಗ ಬಾಗಿಲಿನ ಹಿಂದೆ ನಿಂತು ನಾನೂ ಕೈ ಎತ್ತಿದ್ದೆ. ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಅದು ನೆರವೇರಲಿ ಎಂದು ಕೇಳಿಕೊಂಡೆ. ಅಷ್ಟು ಮನಸ್ಸಿಟ್ಟು ನಾನು ಬೇರೆ ಯಾವತ್ತೂ ಕೇಳಿಕೊಂಡಿಲ್ಲ.

ನನಗೆ ತುಂಬಾ ನೋವಾಗಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಬರಲು ಆಗುವುದಿಲ್ಲ ಎಂದು ನನಗೆ ಹೇಳಿದ್ದರೆ ಅತ್ತು, ಬೈದು, ಸುಮ್ಮನಾಗುತ್ತಿದ್ದೆ. ನೀವು ಅಲ್ಲಾಹನಿಗೆ ಹೇಳಿದಿರಿ, ಅಣ್ಣನಿಗೆ ಹೇಳಿದಿರಿ, ಗುರುತಿಲ್ಲದ ಹತ್ತು ಮಂದಿಗೆ ಊಟ ಹಾಕಿದಿರಿ. ಗೊತ್ತಿಲ್ಲದೆ ಉಳಿದವಳು ಗೇಮ್ ಆಡುತ್ತಿದ್ದವಳು ಮಾತ್ರ. ಅಲ್ಲಿ ನಿಮಗೆ ಯಾರಾದರೂ ಇದ್ದಾರೆಯೇ ಎಂದು ಕೇಳುವುದಿಲ್ಲ. ಇದ್ದರೂ ಇಲ್ಲದಿದ್ದರೂ ಬರುವುದಿಲ್ಲ ಎಂಬುದು ಒಂದೇ ಅಲ್ಲವೇ?

ಹಾಗಾಗಿ ಗೇಮನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿದ್ದೇನೆ. ಇನ್ನು ಆಡುವುದಿಲ್ಲ. ನನ್ನಿಂದ ದಾಟಲು ಆಗಲಿಲ್ಲ. ಕಪಾಟಿನ ಬಾಗಿಲಿನಲ್ಲಿ ನಿಮ್ಮ ಅಂಕವೇ ಮೇಲಿದೆ, ಗೆದ್ದವರು ನೀವೇ. ಆಣೆಯ ಹೆದರಿಕೆ ಇನ್ನು ಬೇಡ. ಪೆರ್ನಾಲ್ ಹಬ್ಬದ ದಿನ ಫೋನ್ ಮಾಡುವಾಗ ಶಮ್ನಾಳ ಹತ್ತಿರ ಎರಡು ಮಾತು ಜಾಸ್ತಿ ಆಡಿ. ಅವಳಿಗೆ ಕಫ್ಫಾರದ ವಿಷಯ ಗೊತ್ತಿಲ್ಲ. ಬಿಸಿಲಿನಲ್ಲಿ ಉಪವಾಸ ಇದ್ದು ಲಾರಿ ಓಡಿಸುತ್ತೀರಿ, ಬೆಳಗಿನ ಜಾವ ಅತ್ತಾಳಕ್ಕೆ ಎದ್ದು ಸರಿಯಾಗಿ ಉಣ್ಣಿ.

ಇಂತಿ,
ಶಾಹಿದಾ

ತಾ.ಕ.: ಉಪವಾಸದ ತಿಂಗಳಲ್ಲಿ ಸುಳ್ಳು ಬರೆದು ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಫೆಬ್ರವರಿ ಹದಿನಾಲ್ಕು, ಶುಕ್ರವಾರ, ಅಸರ್ ಆದ ಮೇಲೆ 88,910 ಬಂತು. ಉಮ್ಮ ಅವತ್ತು ಮೂಡುಬಿದಿರೆಗೆ, ಅನ್ಸಾಫನ ಮನೆಗೆ ಹೋಗಿದ್ದರು. ನೋಡಿದ್ದು ನಾನು ಮತ್ತು ಶಮ್ನಾ ಮಾತ್ರ. ಕೂಡಲೇ ನಿಮಗೆ ಫೋನ್ ಮಾಡಿದೆ. ಡ್ರೈವಿಂಗ್‌ನಲ್ಲಿದ್ದೇನೆ, ಎಂತ ವಿಷಯ ಬೇಗ ಹೇಳು ಎಂದಿರಿ. ಅವಸರದಲ್ಲಿ ಹೇಳುವ ಮಾತಲ್ಲ, ಪೆರ್ನಾಲಿಗೆ ಎಲ್ಲರ ಎದುರು ಹೇಳುವ ಎಂದುಕೊಂಡು, ಅಲ್ಲಿ ಚಳಿ ಉಂಟಾ ಎಂದು ಕೇಳಿ ಇಟ್ಟೆ. ಶಮ್ನಾಳ ಬಾಯಿಯನ್ನೂ ಕಟ್ಟಿಹಾಕಿದ್ದೇನೆ. ಉಮ್ಮ ಫೋನಿನಲ್ಲಿ ಕೇಳಿದರೆ ನೀವೂ ಶಾಹಿದಾ ಸೋತಳು ಎಂದೇ ಹೇಳಿ. ಮಗಳಿಗೆ ಆಡಲು ಬರಲಿಲ್ಲ ಎಂದರೆ ಅವರು ಎರಡು ದಿನ ಬೈದು ಸುಮ್ಮನಾಗುತ್ತಾರೆ. ಅಳಿಯ ಆಣೆ ತಪ್ಪಿದ ಎಂದು ಈ ವಯಸ್ಸಿನಲ್ಲಿ ಅವರಿಗೆ ಗೊತ್ತಾಗುವುದು ಬೇಡ.